ಹೂವಿನ ನಟ್ಟು

"ಇನ್ನು ಕಳ್ಳ ಅಲ್ಲ, ಕಳ್ಳನ ತಾತ ಬಂದ್ರೂ ಈ ಚಕ್ರ ಬಿಚ್ಚೋಕಾಗಲ್ಲ ಕಣೇ!"

ಯಜಮಾನರು ಹೀಗೆ ಘೋಷಿಸಿದ್ದು ಒಂದು ಶನಿವಾರ ಮಧ್ಯಾಹ್ನ. ಮೈಮೇಲೆ ಬನಿಯನ್ನು, ಕೈತುಂಬ ಗ್ರೀಸು, ಕಾರಿನ ಪಕ್ಕ ಕುಕ್ಕರುಗಾಲು. ಕೋಟೆ ಗೆದ್ದ ಅರಸನ ಮುಖವೂ ಅಷ್ಟು ಹೊಳೆದಿರಲಾರದು!

ಬೀದಿಯ ಕೊನೆ ಮನೆಯ ಕಾರಿನ ಚಕ್ರಗಳನ್ನು ಯಾರೋ ಕದ್ದು, ಕಾರನ್ನು ಇಟ್ಟಿಗೆಗಳ ಮೇಲೆ ಕೂರಿಸಿ ಹೋಗಿದ್ದರು. ಅಂದಿನಿಂದ ಇವರಿಗೆ ನೆಮ್ಮದಿ ಇಲ್ಲ. ಊಟದ ಮಧ್ಯೆ ಎದ್ದು ಕಿಟಕಿಗೆ ಹೋಗಿ ಚಕ್ರ ಎಣಿಸಿ ಬರುವರು. ಕೊನೆಗೆ ಪೇಟೆಯಿಂದ ಬೀಗದ ನಟ್ಟು ತಂದರು. ಚಕ್ರಕ್ಕೊಂದು. ಉಳಿದ ನಟ್ಟುಗಳನ್ನು ಯಾವ ಸ್ಪ್ಯಾನರಿನಲ್ಲಾದರೂ ಬಿಚ್ಚಬಹುದು. ಇದಕ್ಕೆ ಇದರದೇ ಕೀ ಬೇಕು.

ಅಡುಗೆಮನೆಯಲ್ಲಿ ಅವರ ಹೆಂಡತಿ ಬಿಸ್ಕತ್ತಮ್ಮ ಹಿಟ್ಟು ಲಟ್ಟಿಸುತ್ತಿದ್ದಳು. ಬೀದಿಯವರು ಇಟ್ಟ ಹೆಸರು ಅದು. ಅವಳು ಬಿಸ್ಕತ್ತು ಸುಡುತ್ತಿದ್ದಳು, ಯಜಮಾನರು ಔಷಧಿ ಅಂಗಡಿಯ ಕೆಲಸಕ್ಕೆ ಹೋಗುವ ಮುಂಚೆ ಅದನ್ನು ಕಾರಿನಲ್ಲಿಟ್ಟುಕೊಂಡು ಆಸ್ಪತ್ರೆಯ ಕ್ಯಾಂಟೀನಿಗೆ ಹಾಕಿ ಬರುತ್ತಿದ್ದರು. ಸಂಸಾರ ನಡೆಯುತ್ತಿದ್ದುದು ಹಾಗೆ.

"ಕಾರಿಗೆ ಹೊಸ ಸೀಟ್ ಕವರ್ ಆಯ್ತು. ಸೆಂಟ್ ಬಾಟಲಿ ಆಯ್ತು. ಈಗ ಕಾಲುಂಗುರಾನೂ ಹಾಕ್ಬಿಟ್ರಿ" ಎಂದಳು ಕಿಟಕಿಯಿಂದ. "ಮದುವೆ ಆಗಿದ್ದು ನನ್ನನ್ನೋ ಅದನ್ನೋ?"

"ಅದು ಎದುರು ಮಾತಾಡಲ್ಲ."

"ರೀ, ಇಷ್ಟು ವರ್ಷಕ್ಕೆ ನನಗೆ ಅಂತ ಒಂದು ಪಿನ್ನು ತಂದಿದ್ದೀರಾ?"

"ತರ್ತೀನಿ ಬಿಡೇ."

"ಯಾವಾಗ?"

"ತರ್ತೀನಿ ಅಂದ್ನಲ್ಲ!"

ಸಂಜೆ ಯಜಮಾನರಿಗೆ ಹೊಸ ಚಿಂತೆ ಹತ್ತಿತು. ಬೀಗದ ನಟ್ಟೇನೋ ಹಾಕಿದ್ದಾಯಿತು, ಕೀ ಎಲ್ಲಿಡುವುದು? ಕಾರಿನಲ್ಲಿಟ್ಟರೆ ಕಳ್ಳ ಮೊದಲು ಅಲ್ಲೇ ಹುಡುಕುತ್ತಾನೆ. ಬೀರುವಿನಲ್ಲಿಟ್ಟರೆ ಎರಡನೆಯದಾಗಿ ಹುಡುಕುತ್ತಾನೆ. ಮನೆಯೆಲ್ಲ ಸುತ್ತಿದರು. ಯಾವ ಕಳ್ಳನೂ ಕೈಹಾಕದ ಜಾಗವೊಂದು ಸಿಕ್ಕಿತು: ಹೆಂಡತಿಯ ಬಿಸ್ಕತ್ತಿನ ಅಚ್ಚುಗಳ ಡ್ರಾಯರು! ಒಗೆದ ಕರ್ಚೀಫಿನಲ್ಲಿ ಕೀಯನ್ನು ಸುತ್ತಿ, ನಕ್ಷತ್ರದ ಅಚ್ಚಿಗೂ ಗುಂಡು ಅಚ್ಚಿಗೂ ನಡುವೆ ಇಟ್ಟು, ತಮ್ಮ ಬುದ್ಧಿಗೆ ತಾವೇ ತಲೆದೂಗಿದರು. ಅವಳು ಆಗ ಸ್ನಾನಕ್ಕೆ ಹೋಗಿದ್ದಳು. ಬೆಳಗ್ಗೆ ಹೇಳಿದರಾಯಿತು ಅಂದುಕೊಂಡರು.

ಬೆಳಗ್ಗೆ ಅವರು ಏಳಲಿಲ್ಲ.

ಬಂದವರು ಬಂದರು, ಅತ್ತವರು ಅತ್ತರು, ಎಲ್ಲರೂ ಅವರವರ ಮನೆಗೆ ಹೋದರು. ಉಳಿದದ್ದು ಅವಳು, ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಬಾಗಿಲಲ್ಲಿ ನಿಂತ ಕಾರು. ಒಂದಷ್ಟು ದಿನ ಓವನ್ ಹಚ್ಚಲಿಲ್ಲ. ಆಮೇಲೆ ಹಚ್ಚಿದಳು. ಹೊಟ್ಟೆ ಕೇಳಬೇಕಲ್ಲ! ಹಿಟ್ಟು ಕಲಸಿ, ಲಟ್ಟಿಸಿ, ಅಚ್ಚಿಗೆಂದು ಡ್ರಾಯರು ಎಳೆದಳು. ಯಜಮಾನರ ಕರ್ಚೀಫು ಕಂಡಿತು.

ಬಿಡಿಸಿದಳು. ಹೊಳೆಯುವ ಉಕ್ಕಿನ ತುಂಡು, ಹೆಬ್ಬೆರಳಿನಷ್ಟು ದಪ್ಪ. ತುದಿಯಲ್ಲಿ ಒಂದು ಹೂವು. ದಳದ ಅಂಚು ಉಬ್ಬಿ ನಿಂತಿತ್ತು. ಲಟ್ಟಿಸಿದ ಹಿಟ್ಟಿನ ಮೇಲೆ ಮೆಲ್ಲಗೆ ಒತ್ತಿದಳು. ಅರಳಿಯೇ ಬಿಟ್ಟಿತು ಹೂವು! ಒಂದು ದಳ ಮಾತ್ರ ಸೊಟ್ಟ.

ಸೊಟ್ಟ ದಳ ಕಂಡ ಮೇಲೆ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಯಜಮಾನರು ಅಂಗಡಿಯಲ್ಲಿ ತಿರುಗಿಸಿ ನೋಡಿ ತಂದ ಸಾಮಾನು ಯಾವುದಿತ್ತು? ಬಕೆಟ್ ತಂದರೆ ಹಿಡಿ ಓರೆ. ಛತ್ರಿ ತಂದರೆ ಕಡ್ಡಿ ಹೊರಗೆ. ಇದು ಖಂಡಿತ ಅವರೇ ತಂದದ್ದು.

"ತಂದೇ ಬಿಟ್ಟಿದ್ರಲ್ಲೇ" ಎಂದಳು ಮಗಳಿಗೆ. "ನನ್ನ ಬಾಯಿಗೆ ಹೆದರಿ ತಂದಿದ್ದಾರೆ. ಹೇಳೋಕೆ ನಾಚಿಕೆ ಆಗಿ ಸುಮ್ಮನೆ ಇಟ್ಟಿದ್ದಾರೆ." ಅಂದು ಹಿಟ್ಟಿಗೆ ಉಪ್ಪು ಬೇರೆ ಹಾಕಬೇಕಾಗಲಿಲ್ಲ. ಅಷ್ಟು ಅತ್ತಿದ್ದಳು.

ಅಲ್ಲಿಂದ ಮುಂದೆ ಅವಳ ಕೈಯಿಂದ ಹೊರಬಿದ್ದ ಬಿಸ್ಕತ್ತಿಗೆಲ್ಲ ನಡುಮಧ್ಯೆ ಹೂವು. ಕ್ಯಾಂಟೀನಿನವರು "ಹೂವಿನ ಬಿಸ್ಕತ್ತು" ಎಂದು ಕರೆದು ಜಾಸ್ತಿ ಕೇಳತೊಡಗಿದರು. ಯಾರು ಹೊಗಳಿದರೂ ಅವಳದು ಒಂದೇ ಉತ್ತರ. "ನಮ್ಮೆಜಮಾನ್ರು ತಂದ ಅಚ್ಚು." ಅದನ್ನು ಮಗಳೂ ಮುಟ್ಟುವ ಹಾಗಿಲ್ಲ. ತಾನೇ ತೊಳೆದು, ತಾನೇ ಒರೆಸಿ, ಅದೇ ಕರ್ಚೀಫಿನಲ್ಲಿ ಸುತ್ತಿಡುವಳು. ಗಂಡ ತನಗೆಂದು ತಂದ ವಸ್ತು ಈ ಲೋಕದಲ್ಲಿ ಅದೊಂದೇ.

ಕಾರು ಓಡಿಸಲು ಮೈದುನ ಬಂದ. ಆಫೀಸಿಗೆ ಹೋಗುವ ದಾರಿಯಲ್ಲಿ ಡಬ್ಬ ಇಳಿಸಿ ಹೋಗುತ್ತಿದ್ದ. ಒಳ್ಳೆಯವನು. ಒಂದೇ ಕಾಯಿಲೆ, ಲೋಕದ ಸಕಲ ವಿಷಯವೂ ಅವನಿಗೆ ಮೊದಲೇ ಗೊತ್ತು. ಬಾಯಿ ತೆರೆದರೆ "ಗೊತ್ತು, ಗೊತ್ತು". ಮನೆಯಲ್ಲಿ ಅವನ ಹೆಸರೇ ಗೊತ್ತಪ್ಪ.

ಒಂದು ಭಾನುವಾರ ಬೆಳಗ್ಗೆ ನೋಡಿದರೆ ಮುಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿದೆ. ಪಂಕ್ಚರ್! ಎದುರು ಮನೆಯ ಟೈಲರ್ ಡಬ್ಬಗಳನ್ನು ತನ್ನ ಸ್ಕೂಟರಿನಲ್ಲಿ ಕ್ಯಾಂಟೀನಿಗೆ ಮುಟ್ಟಿಸಿ ಬಂದ. ಬಂದವನು ಮನೆಗೆ ಹೋಗಲಿಲ್ಲ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡು, ಕಟ್ಟೆಯ ಮೇಲೆ ಕುಳಿತ. ಗೊತ್ತಪ್ಪ ಚಕ್ರ ಬದಲಾಯಿಸುವುದೆಂದರೆ ಬಿಟ್ಟು ಹೋಗುವ ನೋಟವೇ?

"ಅತ್ತಿಗೆ, ಟೀ ಕುದಿಯೋಕೆ ಇಡಿ" ಎಂದ ಗೊತ್ತಪ್ಪ ತೋಳು ಮಡಚುತ್ತ. "ಕುದಿದು ಇಳಿಯೋದ್ರಲ್ಲಿ ಚಕ್ರ ಬಿಚ್ಚಿ ಕೈಗೆ ಕೊಡ್ತೀನಿ."

"ಮೆಕ್ಯಾನಿಕ್‌ನ ಕರೆಸೋಣ ಕಣಪ್ಪ."

"ಇದಕ್ಕೆಲ್ಲ ಮೆಕ್ಯಾನಿಕ್ಕಾ! ನಂಗೊತ್ತು."

ಜಾಕ್ ಇಟ್ಟ. ಕಾರು ಎತ್ತಿದ. ಚಕ್ರ ನೆಲ ಬಿಟ್ಟು ಮೇಲೆ ಬಂತು. ಆಮೇಲೆ ಸ್ಪ್ಯಾನರು ಹಾಕಿ ಒತ್ತಿದ. ಸರಾಗವಾಗಿ ತಿರುಗಿತು.

"ನೋಡಿ! ಬೆಣ್ಣೆ ಥರ ತಿರುಗ್ತಾ ಇದೆ!"

"ನಟ್ಟಲ್ಲ ಸಾರ್, ಚಕ್ರ ತಿರುಗ್ತಾ ಇದೆ" ಎಂದ ಟೈಲರ್.

ಕಾರು ಇಳಿಸಿ, ನೆಲದ ಮೇಲೆ ನಿಲ್ಲಿಸಿ, ಮತ್ತೆ ಹಿಡಿದ. ಈಗ ನಿಜವಾಗಿಯೂ ನಟ್ಟುಗಳು ಒಂದೊಂದೇ ಬಂದವು. ಕೊನೆಯದೊಂದು ಉಳಿಯಿತು. ಅದರ ಮುಖ ಧೂಳು ಗ್ರೀಸು ಮೆತ್ತಿ ಕಪ್ಪಾಗಿತ್ತು. ಸ್ಪ್ಯಾನರು ಅದರ ಮೇಲೆ ಕೂರಲೇ ಇಲ್ಲ, ಜಾರಿ ಜಾರಿ ಹೋಯಿತು.

ಮಗಳು ಹೇಳಿದಳು: "ಚಿಕ್ಕಪ್ಪ, ಅದು ಬೀಗದ ನಟ್ಟು. ಅಪ್ಪ ಹಾಕಿದ್ರಲ್ಲ! ಅದಕ್ಕೆ ಬೇರೆ ಕೀ ಇದೆ."

"ಗೊತ್ತು, ಗೊತ್ತು. ನೀನು ಹೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ. ಎಲ್ಲಿ ಕೀ?"

ಅಲ್ಲಿಂದ ಶುರುವಾಯಿತು ಮಹಾಶೋಧನೆ! ಕಾರಿನ ಡಿಕ್ಕಿ ಬರಿದು ಮಾಡಿದರು. ಸೀಟು ಎತ್ತಿದರು. ಯಜಮಾನರ ಅಂಗಿಗಳ ಜೇಬು, ಪ್ಯಾಂಟುಗಳ ಜೇಬು, ಕನ್ನಡಕದ ಡಬ್ಬ, ಹಳೆಯ ಬೂಟಿನೊಳಗೆ, ಗಡಿಯಾರದ ಹಿಂದೆ! ಬೀಗದ ಕೈಗಳು ಸಿಕ್ಕವು, ಒಂದು ಗೊಂಚಲು. ಟ್ರಂಕಿನದು, ಸೈಕಲ್ಲಿನದು, ಯಾವ ಬಾಗಿಲಿನದೋ ಯಾರಿಗೂ ತಿಳಿಯದ್ದು. ಗೊತ್ತಪ್ಪ ಒಂದೊಂದನ್ನೂ ನಟ್ಟಿಗೆ ಚುಚ್ಚಿ ನೋಡಿದ.

ಮಗಳು ಫೋನಿನಲ್ಲಿ ವಿಡಿಯೋ ಹಚ್ಚಿದಳು. "ಅಮ್ಮಾ, ಕೀ ಅಂದ್ರೆ ಕೀ ಥರ ಇರಲ್ವಂತೆ. ಒಂದು ಕಬ್ಬಿಣದ ತುಂಡಂತೆ. ಇಷ್ಟೇ ಇಷ್ಟು."

"ಅಂಥ ತುಂಡು ಮನೇಲೆಲ್ಲೂ ನೋಡಿಲ್ಲಮ್ಮ" ಎಂದಳು ಬಿಸ್ಕತ್ತಮ್ಮ, ಟ್ರೇಯ ಮೇಲಿನ ಹಿಟ್ಟಿಗೆ ಟಪಟಪ ಹೂವು ಒತ್ತುತ್ತ. "ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ವಾ? ನಿಮ್ಮಪ್ಪ ಎಲ್ಲೋ ಭದ್ರವಾಗಿ ಇಟ್ಟಿರ್ತಾರೆ. ಅವರು ಭದ್ರವಾಗಿ ಇಟ್ಟಿದ್ದು ಅವರಿಗೇ ಸಿಗ್ತಿರಲಿಲ್ಲ."

ಮಗಳು ಒತ್ತಿದ ಹೂವನ್ನು ನೋಡಿದಳು, ಫೋನನ್ನು ನೋಡಿದಳು, ಮತ್ತೆ ಅಪ್ಪನ ಅಂಗಿ ಜೇಬು ಹುಡುಕಲು ಹೋದಳು. ಅಚ್ಚು ಅಂದರೆ ಅಚ್ಚು. ಅದನ್ನು ಅನುಮಾನಿಸುವವರು ಯಾರು?

ಹೊರಗೆ ಯುದ್ಧ ಏರಿತು. ಗೊತ್ತಪ್ಪ ನಟ್ಟಿಗೆ ಎಣ್ಣೆ ಬಿಟ್ಟ. ಸೋಪಿನ ನೀರು ಬಿಟ್ಟ. ಕುದಿಯುವ ನೀರು ಬಿಟ್ಟ. ನಟ್ಟಿಗೆ ಅಭ್ಯಂಜನವೇ ಆಯಿತು, ಅಲುಗಲಿಲ್ಲ. ಸ್ಪ್ಯಾನರನ್ನು ಹೇಗೋ ಸಿಕ್ಕಿಸಿ ಅದರ ಹಿಡಿಯ ಮೇಲೆ ಹತ್ತಿ ಕುಣಿದ. ಹಿಡಿ ಕೆಳಗೆ ಹೋಯಿತು, ಗೊತ್ತಪ್ಪ ಹೂಕುಂಡದೊಳಗೆ ಹೋದ.

"ಏಟಾಯ್ತಾ?" ಎಂದು ಓಡಿ ಬಂದಳು ಅತ್ತಿಗೆ.

"ಹೀಗೇ ಬೀಳ್ತೀನಿ ಅಂತ ಗೊತ್ತಿತ್ತು" ಎಂದ, ಕುಂಡದಲ್ಲಿ ಕೂತೇ.

ಆಮೇಲೆ ಗುಜರಿ ಅಂಗಡಿಗೆ ಹೋಗಿ ನಟ್ಟಿನ ತಲೆಗೆ ಟೋಪಿಯಂತೆ ಕೂರುವ ಹಳೆಯ ಸಾಕೆಟ್ ಒಂದನ್ನು ತಂದ. ಅದು ನಟ್ಟಿಗಿಂತ ಒಂದು ಕೂದಲು ಸಣ್ಣದು. ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಿದರೆ ನಟ್ಟು ಬರುತ್ತದೆಂದು ವಿಡಿಯೋದಲ್ಲಿ ತೋರಿಸಿದ್ದರು. ಬಡಿದ. ಬೀದಿಯ ನಾಯಿಗಳೆಲ್ಲ ಬೊಗಳುವ ಹಾಗೆ ಬಡಿದ. ಸಾಕೆಟ್ ಹೋಗಿ ಕೂತಿತು. ಸಿಂಹಾಸನದ ಮೇಲೆ ಕೂತ ಹಾಗೆ ಕೂತಿತು! ಮುಂದಕ್ಕೂ ತಿರುಗದು, ಹಿಂದಕ್ಕೂ ಬಾರದು.

ಟೈಲರ್ ಕಟ್ಟೆಯಿಂದ ಇಳಿದು ಬಂದು ಬಗ್ಗಿ ನೋಡಿದ. "ಮೊದಲು ನಟ್ಟೊಂದು ಬಿಚ್ಚಬೇಕಿತ್ತು. ಈಗ ಸಾಕೆಟ್ಟೂ ಬಿಚ್ಚಬೇಕು. ನಿಧಾನಕ್ಕೆ ಇಡೀ ಗುಜರಿ ಅಂಗಡೀನೇ ಇಲ್ಲಿಗೆ ಸೇರಿಸ್ತೀರಾ ಸಾರ್?"

"ನೀನು ಹೊಲಿಗೆ ನೋಡ್ಕೊಳ್ಳಯ್ಯ!"

"ನಾನು ಹೊಲಿದಿದ್ದು ಬಿಚ್ಚೋಕಾದ್ರೂ ಬರುತ್ತೆ."

ಕೊನೆಗೆ ಬಿಸ್ಕತ್ತಮ್ಮನೇ ಸೆರಗು ಸಿಕ್ಕಿಸಿಕೊಂಡು ಹೋಗಿ, ರಸ್ತೆ ತಿರುವಿನ ಗ್ಯಾರೇಜಿನಿಂದ ಮೆಕ್ಯಾನಿಕ್‌ನನ್ನು ಕರೆತಂದಳು. ದಪ್ಪ ಮೀಸೆಯ ಆಳು. ಬಂದವನೇ ಸಾಕೆಟ್ಟಿನ ಕೆನ್ನೆಗೆ ಬಾರಿಸಿ ಬಾರಿಸಿ ಕಿತ್ತು ಎಸೆದ. ಉಳಿ ಸುತ್ತಿಗೆ ತೆಗೆದಿಟ್ಟ.

"ಅಮ್ಮಾ, ಇದನ್ನ ಒಡೆದೇ ತೆಗೀಬೇಕು. ಚಕ್ರಕ್ಕೆ ಪೆಟ್ಟಾದ್ರೆ ಬೈಬೇಡಿ."

"ಮೊದಲು ಟೀ ಕುಡಿ" ಎಂದು ಅವಳು ಲೋಟ ಕೊಟ್ಟು, ಬಿಸ್ಕತ್ತಿನ ತಟ್ಟೆಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು, ಒಳಗೆ ಓವನ್ ನೋಡಲು ಹೋದಳು.

ಮೆಕ್ಯಾನಿಕ್ ಒಂದು ಬಿಸ್ಕತ್ತು ಕೈಗೆತ್ತಿಕೊಂಡ. ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ನಟ್ಟಿನ ಮುಖ ಒರೆಸಿದ. ಕಪ್ಪು ಹೋಯಿತು. ಗೀರು ಗೀರಾಗಿ ಒಂದು ಹೂವು ಕಂಡಿತು. ಒಂದು ದಳ ಸೊಟ್ಟ.

ಬಿಸ್ಕತ್ತು ನೋಡಿದ. ನಟ್ಟು ನೋಡಿದ. ಬಿಸ್ಕತ್ತನ್ನು ತಿರುಗಿಸಿ ನಟ್ಟಿನ ಪಕ್ಕಕ್ಕೆ ಹಿಡಿದ. ಅವಳಿಜವಳಿ!

"ಸಾರ್... ಈ ಬಿಸ್ಕತ್ತು ಮಾಡೋ ಅಚ್ಚು ಎಲ್ಲಿದೆ?"

ಮಗಳು ನೋಡಿದಳು. ಕೈಯಿಂದ ಫೋನು ಜಾರಿತು. ಟೈಲರ್ ನೋಡಿದ. ಟೇಪು ಬಾಯಿಗೆ ಹೋಯಿತು. ಗೊತ್ತಪ್ಪ ನೋಡಿದ. ಹುಟ್ಟಿದಾಗಿನಿಂದ ಮೊದಲ ಸಲ ಅವನಿಗೆ ನಿಜವಾಗಿಯೂ ಒಂದು ವಿಷಯ ಗೊತ್ತಾಗಿತ್ತು! "ಗೊ..." ಎಂದು ಬಾಯಿ ತೆರೆದ.

ಮಗಳು ಆ ಬಾಯಿಗೆ ಕೈ ಅಡ್ಡ ಹಿಡಿದಳು.

"ಚಿಕ್ಕಪ್ಪ, ಉಸಿರೆತ್ತಬೇಡಿ. ಅದು ಅಪ್ಪ ತನಗೆ ಅಂತ ತಂದಿದ್ದು ಅಂತ ಅಮ್ಮ ಅಂದ್ಕೊಂಡಿದ್ದಾಳೆ. ದಿನಾ ಅದನ್ನ ಎದೆಗೊತ್ತಿಕೊಂಡು ಒರೆಸಿ ಇಡ್ತಾಳೆ."

ಗೊತ್ತಪ್ಪ ಬಾಯಿ ಮುಚ್ಚಿದ. ಗೊತ್ತಿದ್ದೂ ಸುಮ್ಮನಿರುವುದು ಅವನಿಗೆ ಹೊಸ ಅನುಭವ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮೆಕ್ಯಾನಿಕ್ ಮೀಸೆ ಕಚ್ಚಿದ. ಒಂದು ಗಳಿಗೆ ಯೋಚಿಸಿ ಉಳಿ ಎತ್ತಿಕೊಂಡ.

"ಕೀ ಸಿಕ್ಕಿಲ್ಲ ಸಾರ್. ಒಡೆದೇ ತೆಗೀತೀನಿ."

"ಬಿಸ್ಕತ್ತು?" ಎಂದ ಟೈಲರ್ ಪಿಸುದನಿಯಲ್ಲಿ. ತಟ್ಟೆಯ ತುಂಬ ಸಾಕ್ಷಿಗಳು ಬಿದ್ದಿದ್ದವು.

"ತಿನ್ನಿ!" ಎಂದಳು ಮಗಳು.

ನಾಲ್ಕು ಜನ ತಟ್ಟೆಗೆ ಮುಗಿಬಿದ್ದರು. ಟೈಲರ್ ಎರಡೆರಡು ಸೇರಿಸಿ ಅಗಿದ. ಗೊತ್ತಪ್ಪನ ಗಂಟಲಿಗೆ ಹೂವು ಸಿಕ್ಕಿ ಕೆಮ್ಮು ಬಂತು. ಮೆಕ್ಯಾನಿಕ್ ಒಂದು ಹಿಡಿ ಬಾಯಿಗೆ, ಒಂದು ಹಿಡಿ ಜೇಬಿಗೆ. ಬಿಸ್ಕತ್ತಮ್ಮ ಹೊರಗೆ ಬಂದಾಗ ತಟ್ಟೆ ಬೋಳು, ನಾಲ್ಕು ಜೊತೆ ಕೆನ್ನೆ ಊದಿಕೊಂಡಿದ್ದವು.

"ಅಯ್ಯೋ, ಇಷ್ಟು ಹಸಿದಿದ್ರಾ? ತಾಳಿ, ಇನ್ನೊಂದು ಟ್ರೇ ಬಿಸಿಬಿಸಿ ಇದೆ!"

ಇನ್ನೊಂದು ಟ್ರೇ ಬಂತು! ತುಂಬಾ ಹೂವು! ನಾಲ್ವರೂ ಅದನ್ನು ನೋಡಿದ ನೋಟ, ಔಷಧಿ ಬಾಟಲಿ ನೋಡುವ ಮಕ್ಕಳ ನೋಟ.

"ತಿನ್ನಿ, ತಿನ್ನಿ. ನಮ್ಮೆಜಮಾನ್ರು ತಂದ ಅಚ್ಚು" ಎಂದಳು ಅವಳು ಮೆಕ್ಯಾನಿಕ್‌ಗೆ. ಆಮೇಲೆ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಗ್ಗಿದಳು. ಗೊತ್ತಪ್ಪ ಚಂಗನೆ ಹೋಗಿ ಚಕ್ರಕ್ಕೆ ಬೆನ್ನು ಕೊಟ್ಟು ಕುಳಿತ.

"ಏಳಪ್ಪ, ನೋಡ್ತೀನಿ."

"ಏನೂ ಇಲ್ಲ ಅತ್ತಿಗೆ. ನಟ್ಟು. ಬರೀ ನಟ್ಟು."

"ಬರೀ ನಟ್ಟೇ ನೋಡ್ತೀನಿ. ಏಳು."

"ಸೊಂಟ ಹಿಡ್ಕೊಂಡಿದೆ."

"ನೋಡಪ್ಪ," ಎಂದಳು ಅವಳು, "ನೀನು ಗೊತ್ತು ಅನ್ನದೆ ಇಷ್ಟು ಹೊತ್ತು ಇದ್ದಿದ್ದು ಬೆಳಗ್ಗೆಯಿಂದ ಇದೇ ಮೊದಲು. ಏನೋ ಇದೆ. ಏಳು."

ಅವನು ಎದ್ದ. ಅವಳು ಕುಕ್ಕರುಗಾಲಲ್ಲಿ ಕುಳಿತಳು. ನಟ್ಟಿನ ಮುಖ ಕಂಡಿತು. ಆ ಹೂವನ್ನು ಅವಳಿಗೆ ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ಬೆರಳಿನಿಂದ ಸೊಟ್ಟ ದಳವನ್ನು ಮುಟ್ಟಿ ನೋಡಿದಳು. ಎದ್ದು ಒಳಗೆ ಹೋದಳು.

ಅಚ್ಚು ಹಿಡಿದು ಬಂದಳು. ನಟ್ಟಿನ ಮೇಲೆ ಇಟ್ಟು ಒತ್ತಿದಳು. 'ಟಕ್' ಎಂದು ಕೂತಿತು.

ಟೈಲರ್ ಆಕಾಶ ನೋಡಿದ. ಮಗಳು ಅಮ್ಮನ ಭುಜಕ್ಕೆ ಕೈ ಹಾಕಲು ಹೋಗಿ ನಿಂತಳು. ಮೆಕ್ಯಾನಿಕ್, ದೊಡ್ಡ ಆಳು, ಉಳಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಬಿಸ್ಕತ್ತಮ್ಮನ ಭುಜ ಅಲುಗತೊಡಗಿತು. ಅಳುತ್ತಾಳೆ ಅಂದುಕೊಂಡರು. ಇಲ್ಲ, ನಗುತ್ತಿದ್ದಳು! ಯಜಮಾನರು ಹೋದ ಮೇಲೆ ಆ ಮನೆ ಕೇಳದ ನಗು. ರಸ್ತೆಯ ಮೇಲೆಯೇ ಕುಸಿದು ಕೂತು, ಚಕ್ರ ಹಿಡಿದುಕೊಂಡು ನಕ್ಕಳು.

"ಬದುಕಿರೋ ತನಕ ಒಂದು ಪಿನ್ನು ತರದ ಮನುಷ್ಯ! ಸಾಯೋ ಹಿಂದಿನ ದಿನ ಬುದ್ಧಿ ಬಂತು ಅಂದ್ಕೊಂಡಿದ್ದೆನಲ್ಲೋ! ಕಾರಿನ ಕಾಲುಂಗುರದ ಬೀಗದ ಕೈ ಇಟ್ಕೊಂಡು ಅತ್ತಿದ್ದೀನಲ್ಲೋ! ಆಸ್ಪತ್ರೆ ಜನಕ್ಕೆಲ್ಲ ನಟ್ಟು ತಿನ್ನಿಸಿದ್ದೀನಲ್ಲೋ!"

ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆಮೇಲೆ ಬರೀ ನೀರು ಬಂತು. ಮಗಳು ಪಕ್ಕಕ್ಕೆ ಕೂತಳು.

ಗೊತ್ತಪ್ಪನಿಗೆ ತಡೆಯಲಾಗಲಿಲ್ಲ. "ಅತ್ತಿಗೆ, ಅಣ್ಣ ಅದನ್ನ ಬೇರೆಲ್ಲೂ ಇಡಲಿಲ್ಲ ನೋಡಿ. ನಿಮ್ಮನ್ನ ನಂಬಿ ನಿಮ್ಮ ಹತ್ರ ಇಟ್ಟ."

"ನನ್ನನ್ನಲ್ಲ ಕಣೋ. ನನ್ನ ಡ್ರಾಯರನ್ನ ನಂಬಿದ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಹೇಳಿದ್ರೆ ಬೀದಿಗೆಲ್ಲ ಹೇಳ್ತೀನಿ ಅಂತ ಭಯ."

"ಹೇಳ್ತಿರಲಿಲ್ವಾ ಅಕ್ಕ?" ಎಂದ ಟೈಲರ್.

"ಹೇಳ್ತಿದ್ದೆ."

ಮೆಕ್ಯಾನಿಕ್ ಕೀಗೆ ಸ್ಪ್ಯಾನರು ಸಿಕ್ಕಿಸಿ ಒಂದು ತಿರುವು ತಿರುವಿದ. ನಟ್ಟು ಮಾತಿಲ್ಲದೆ ಬಂತು. ಪಂಕ್ಚರ್ ಹಾಕಿ, ಚಕ್ರ ಕೂರಿಸುವಾಗ ಕೇಳಿದ: "ಅಮ್ಮಾ, ಈ ಬೀಗದ ನಟ್ಟೆಲ್ಲ ತೆಗೆದು ಸಾದಾ ನಟ್ಟು ಹಾಕಿಬಿಡ್ಲಾ? ಆಗ ಇದು ಯಾವುದರ ಕೀಯೂ ಅಲ್ಲ. ಬರೀ ಅಚ್ಚು. ನಿಮ್ಮದೇ."

ಬಿಸ್ಕತ್ತಮ್ಮ ಕೈಯಲ್ಲಿದ್ದ ಕೀಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಬೇಡ" ಎಂದಳು. "ಚಕ್ರಕ್ಕೆ ಬೀಗ ಹಾಕಿದೀನಿ ಅಂತ ಎಷ್ಟು ಖುಷಿಪಟ್ಟಿದ್ರು. ಇರಲಿ. ಇದು ಅವರದು. ಹೂವು ಸಿಕ್ಕಿದ್ದು ನನಗೆ."

ಮೆಕ್ಯಾನಿಕ್ ಹೊರಡುವಾಗ ಒಂದು ಮಾತು ಹೇಳಿ ಹೋದ. ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್ಟು ಒಮ್ಮೊಮ್ಮೆ ಸಡಿಲ ಆಗುತ್ತದೆ, ನಾಲ್ಕು ದಿನ ಬೆಳಗ್ಗೆ ಒಂದು ಸಲ ಬಿಗಿ ನೋಡಿಕೊಳ್ಳಿ, ಅಂತ.

ಆ ನಾಲ್ಕು ದಿನ ಕಳೆದು ಎಷ್ಟೋ ಕಾಲವಾಯಿತು. ಈಗಲೂ ಬಿಸ್ಕತ್ತಮ್ಮ ಬೆಳಗ್ಗೆ ಹಿಟ್ಟಿಗೆ ಹೂವು ಒತ್ತಿ ಮುಗಿಸಿ, ಟ್ರೇಯನ್ನು ಓವನ್ನಿಗೆ ತಳ್ಳಿ, ಅದೇ ಕೀ ಹಿಡಿದು ಹೊರಗೆ ಬರುತ್ತಾಳೆ. ಒಂದೊಂದು ಚಕ್ರದ ಮುಂದೆಯೂ ಕುಕ್ಕರುಗಾಲಲ್ಲಿ ಕೂತು, ಕೀ ಇಟ್ಟು, ಸ್ಪ್ಯಾನರು ಹಾಕಿ ಒತ್ತಿ ನೋಡುತ್ತಾಳೆ. ಎದುರು ಮನೆಯ ಬಾಗಿಲು ತೆಗೆಯುತ್ತ ಟೈಲರ್ ಕೇಳುತ್ತಾನೆ:

"ಏನಕ್ಕಾ, ಸಡಿಲ ಆಗಿದ್ಯಾ?"

"ಎಲ್ಲಿ ಆಗುತ್ತೆ! ಹಾಗೇ ಇದೆ, ಬಿಗಿಯಾಗಿ" ಎನ್ನುತ್ತಾಳೆ. ಮಂಡಿ ಹಿಡಿದುಕೊಂಡು ಎದ್ದು, ಕೀಯನ್ನು ಸೋಪು ಹಾಕಿ ತೊಳೆಯಲು ಒಳಗೆ ಹೋಗುತ್ತಾಳೆ.